ಟವಲಿನ ಕೆಳಗೆ ಎಂಟು

"ಗುಂಡಿ ಇನ್ನೂ ಆಳ ಬೇಕೇನ್ರಿ ಮೇಡಂ, ಇಷ್ಟಕ್ಕ ಸಾಕಾ?"

ಇನ್ನೊಂದು ಮೊಳ ತೆಗಿ ಅಂದಳು ಮಾಲಾ, ತಿರುಗಿ ನೋಡದೆಯೇ. ಇಟ್ಟಿಗೆ ಸಾಲಿಗೆ ದಾರ ಹಿಡಿದು ನಿಂತವಳಿಗೆ ಹಿಂದಿರುವವನ ಮುಖ ನೋಡುವಷ್ಟು ಪುರುಸೊತ್ತು ಇರಲಿಲ್ಲ. ಬಯ್ಯುವುದಕ್ಕೆ ಮಾತ್ರ ಬೇಕಾದಷ್ಟಿತ್ತು. ಗಿಡ ನೆಡುವವನನ್ನು ಚಿಗಟೇರಿಯಿಂದ ಕಳಿಸುತ್ತೇವೆ ಅಂತ ನರ್ಸರಿಯವರು ಹೇಳಿ ಎಷ್ಟೋ ದಿನ ಆಗಿತ್ತು. ಹೊಂಗೆ ಸಸಿಗಳು ಕವರಿನಲ್ಲೇ ಬಾಡುತ್ತಿದ್ದವು. ಸಸಿಗೆ ಬಾಯಿ ಇದ್ದಿದ್ದರೆ ನಿಮ್ಮೂರಿಗೇ ಬಂದು ನಿನ್ನನ್ನು ಕೇಳುತ್ತಿತ್ತು ಅಂದಳು. ಹೌದ್ರಿ ಅಂದ. ಹೊತ್ತು ನೆತ್ತಿಗೆ ಏರಿದ ಮೇಲೆ ಗಿಡ ನೆಡೋಕೆ ಬರ್ತೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದೆ ಅಂದಳು. ತಪ್ಪಾತ್ರಿ ಅಂದ. ಗುದ್ದಲಿಯ ಸದ್ದು ನಿಲ್ಲಲಿಲ್ಲ.

ಸಾಲು ಮುಗಿಸಿ ತಿರುಗಿದಾಗ ಅವಳಿಗೆ ಮೊದಲು ಕಂಡದ್ದು ಪಾಲಿಶ್ ಹಾಕಿದ ಬೂಟು, ಅದರ ತುಂಬ ಕೆಂಪು ಮಣ್ಣು. ಆಮೇಲೆ ಇಸ್ತ್ರಿ ಅಂಗಿ, ಬೆವತು ಬೆನ್ನಿಗೆ ಅಂಟಿಕೊಂಡಿತ್ತು. ಆಮೇಲೆ ಅಂಗಿಯ ಜೇಬಿನಲ್ಲಿ ಗೋಡೆ ಅಳೆಯುವ ಲೇಸರ್ ಮೀಟರು. ಕಡೆಗೆ ಮುಖ. ನಗು ತಡೆದುಕೊಂಡು ತಡೆದುಕೊಂಡು ಒಂದು ಕೆನ್ನೆಯಲ್ಲಿ ಮಾತ್ರ ಗುಳಿ ಬಿದ್ದಿತ್ತು.

"ನೀನು... ನೀವು ಚಿಗಟೇರಿಯವ್ರಲ್ಲ?"

"ಕೊಟ್ಟೂರಿನವನ್ರಿ. ಗುರುಶಾಂತ ಅಂತ. ಗ್ಲಾಸಿನ ಕೆಲಸ ನಂದು. ಈ ಗೋಡಿ ಅಳತಿ ತಗೊಂಡು ಬಾ ಅಂತ ಹಾಲೇಶಪ್ಪ ಮಾಮ ಕಳಿಸಿದ್ರು. ಬಂದ ಕೂಡ್ಲೆ ನೀವು ಗುದ್ದಲಿ ತೋರಿಸಿದ್ರಿ. ಹಿರೇರು ಹೇಳಿದ್ಮ್ಯಾಲ ಮೊದ್ಲು ಅದನ್ನ ಮಾಡಬೇಕಲ್ಲ."

"ಯಾರು ಹಿರೇರು?"

"ದನಿ ಹಿರೇರದ ಇತ್ತು ನೋಡ್ರಿ."

ಮಾಲಾಗೆ ನಗು ಬಂತು, ನಾಚಿಕೆಯೂ ಬಂತು. ಅವೆರಡೂ ಪೂರ್ತಿ ಬರುವುದಕ್ಕೆ ಮೊದಲೇ ಇನ್ನೊಂದು ಮಾತು ತಲೆಗೆ ಹೊಕ್ಕಿತು. ಗ್ಲಾಸು. ಈ ಕಟ್ಟಡಕ್ಕೆ ಗ್ಲಾಸು ಯಾಕೆ?

ಅವನು ಎದುರಿನ ಪಶ್ಚಿಮದ ಗೋಡೆ ತೋರಿಸಿದ. ಇಡೀ ಗೋಡೆ ಮುಚ್ಚಬೇಕಂತೆ, ರಸ್ತೆಗೆ ಹೋಗುವವರ ಕಣ್ಣಿಗೆ ನೀಲಿ ಮಿಂಚು ಹೊಡೆಯಬೇಕಂತೆ. ಹೇಳುತ್ತ ಹೇಳುತ್ತ ಅವನೇ ತಾನು ಈಗಷ್ಟೇ ನೆಟ್ಟ ಸಸಿಗಳತ್ತ ನೋಡಿ ತಲೆ ಕೆರೆದುಕೊಂಡ. ಗ್ಲಾಸು ಬಂದರೆ ಅವಕ್ಕೆ ಅಲ್ಲಿ ಜಾಗ ಇರಲಿಲ್ಲ.

* * *

ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಯಲ್ಲಿ ಏಳುತ್ತಿದ್ದ ಆ ಕಟ್ಟಡ ತೆನಿ ಕಂಪನಿಯ ಹೆಡ್ಡಾಫೀಸು. ಕಂಪನಿಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು, ಆದರೆ ಲಾರಿಗಳ ಮೇಲೆ ಮೆಕ್ಕೆಜೋಳದ ತೆನೆಯ ಚಿತ್ರ ಇದ್ದದ್ದರಿಂದ ಸುತ್ತಲಿನ ಐದೂ ತಾಲೂಕಿನ ಜನರ ಬಾಯಲ್ಲಿ ಅದು ತೆನಿ ಕಂಪನಿ. ಹಾಲೇಶಪ್ಪನವರು ಮಂಡಿಯ ತಗಡಿನ ಶೆಡ್ಡಿನಲ್ಲಿ ಶುರು ಮಾಡಿದ ವ್ಯಾಪಾರ ಈಗ ಬೀಜ, ದನದ ಮೇವು ಅಂತ ಬೆಳೆದು ಆ ಶೆಡ್ಡಿನಲ್ಲಿ ಹಿಡಿಸದಂತಾಗಿತ್ತು.

ಕೂಡ್ಲಿಗಿಯ ಮಾಲಾ ಆರ್ಕಿಟೆಕ್ಟು. ದಾವಣಗೆರೆಯ ಒಂದು ಆಫೀಸಿನಲ್ಲಿ ಗಾಜಿನ ಡಬ್ಬಿಗಳನ್ನು ಬರೆದೂ ಬರೆದೂ ಬೇಸತ್ತು ಕೆಲಸ ಬಿಟ್ಟಿದ್ದಳು. ಸುಡು ಬಿಸಿಲಿನ ಊರಲ್ಲಿ ಗಾಜು ಮುಚ್ಚಿ ಬಿಸಿಲನ್ನು ಒಳಗೆ ಕರೆಯುವುದು, ಆಮೇಲೆ ಅದನ್ನು ಓಡಿಸೋಕೆ ಏಸಿ ಹಾಕುವುದು. ಇದೆಂಥ ಸಂಸಾರ ಅಂತ ಅವಳ ಜಗಳ. ಮಳೆನೀರಿಗೆ ಹೊಂಡ ತೋಡಿದ ಮಣ್ಣಿನಲ್ಲೇ ಇಟ್ಟಿಗೆ ಒತ್ತಿಸಿದಳು. ಕಾಳು ಬಿಡಿಸಿ ಉಳಿದ ಜೋಳದ ಬೆಂಡನ್ನು ಮಾಳಿಗೆಯೊಳಗೆ ತುಂಬಿಸಿದಳು. ಕರೆಂಟಿಗೆ ಬಿಸಿಲು, ಕುಡಿಯೋಕೆ ಮಳೆನೀರು. ಪಶ್ಚಿಮಕ್ಕೆ ಮಾತ್ರ ಗೋಡೆಯ ಬದಲು ಸುಟ್ಟ ಮಣ್ಣಿನ ಕೊಳವೆಗಳನ್ನು ಜೇನುಗೂಡಿನಂತೆ ಜೋಡಿಸಿದಳು. ಹೊಂಡದ ನೀರು ಅದರ ಮೇಲೆ ತೊಟ್ಟಿಕ್ಕುತ್ತಿರಬೇಕು, ಬೀಸುವ ಗಾಳಿ ಆ ಕೊಳವೆಗಳಲ್ಲಿ ನುಸುಳಿ ತಣ್ಣಗಾಗಿ ಒಳಗೆ ಬರಬೇಕು. ಊರವರು ಅದಕ್ಕೆ ತೂತು ಗೋಡಿ ಅಂತ ಹೆಸರಿಟ್ಟು ನಗುತ್ತಿದ್ದರು.

ತೂತು ಗೋಡಿ ಮುಚ್ಚಿದರೆ ಕಟ್ಟಡದ ಮೂಗು ಮುಚ್ಚಿದ ಹಾಗೆ. ಮಾಲಾ ಅದೇ ಬಿಸಿಯಲ್ಲಿ ಮಂಡಿಗೆ ಹೋದಳು. ಬೂಟಿನ ಮಣ್ಣು ಕೊಡವುತ್ತ ಗುರುಶಾಂತನೂ ಬಂದ.

ಹಾಲೇಶಪ್ಪನವರು ತಗಡಿನ ಕೆಳಗೆ, ಕೂಲರಿನ ಎದುರಿಗೇ ಕೂತು ಟವಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಅವರ ಟವಲು ಬೇಸಿಗೆಯಲ್ಲಿ ಯಾವಾಗಲೂ ಹಿಂಡುವ ಹಾಗೇ ಇರುತ್ತಿತ್ತು. ಮಾತು ಸಿಗದಾಗಲೂ ಅವರು ಒರೆಸಿಕೊಳ್ಳುವುದು ಕುತ್ತಿಗೆಯನ್ನೇ. ಪಕ್ಕದಲ್ಲಿ ಅವರ ಹೆಂಡತಿ, ಕಂಪನಿಯ ಅರ್ಧ ಯಜಮಾನಿ, ಗುರುಶಾಂತನ ಸೋದರತ್ತೆ ಅನ್ನದಾನಮ್ಮ.

ಗ್ಲಾಸಿನ ಆಸೆ ಅನ್ನದಾನಮ್ಮನವರದ್ದು ಅಂತ ಗೊತ್ತಾಗುವುದಕ್ಕೆ ಹೊತ್ತು ಹಿಡಿಯಲಿಲ್ಲ. ಬೀಗರು ಬಿಜ್ಜರೆಲ್ಲ ನಗುತ್ತಾರೆ, ಇಷ್ಟು ದೊಡ್ಡ ಕಂಪನಿ ಮಾಡಿ ಮಣ್ಣಿನ ಮನಿ ಕಟ್ಟಿಸ್ಯಾರ ಅಂತಾರೆ ಅಂದರು. ಮಾಲಾ ಹೇಳಬೇಕಾದ್ದೆಲ್ಲ ಹೇಳಿದಳು, ದನಿ ಏರಿತು. ಅನ್ನದಾನಮ್ಮನವರದ್ದೂ ಏರಿತು. ಹಾಲೇಶಪ್ಪ ಕೈ ಎತ್ತಿದರು.

"ಬಾಯಿ ಮಾತಾಡಿದ್ರ ಜಗಳ ಆಗ್ತತಿ. ಕೈ ಮಾತಾಡ್ಲಿ."

ವ್ಯಾಪಾರವೆಲ್ಲ ಮೊಬೈಲಿಗೆ ಬಂದರೂ ಹಾಲೇಶಪ್ಪ ದೊಡ್ಡ ಮಾತನ್ನು ಹಳೇ ಮಂಡಿಯ ಪದ್ಧತಿಯಲ್ಲೇ ಮುಗಿಸುತ್ತಿದ್ದರು. ಟವಲಿನ ಕೆಳಗೆ ಕೈಗೆ ಕೈ ಕೊಡುವುದು, ಎಷ್ಟು ಬೆರಳು ಹಿಡಿದರೆ ಅಷ್ಟು ಅಂತ ಲೆಕ್ಕ. ಸುತ್ತ ನಿಂತವರಿಗೆ ಟವಲು ಅಲುಗಿದ್ದು ಮಾತ್ರ ಕಾಣಬೇಕು. ಒಪ್ಪಿದ ಮೇಲೆ ಮುರಿಯುವ ಹಾಗಿಲ್ಲ, ತೀರುವ ದಿನದ ತನಕ ಬಾಯಿ ಬಿಡುವ ಹಾಗೂ ಇಲ್ಲ. ಓಪನಿಂಗ್ ಬರುವ ಬೇಸಿಗೆಗೆ. ಆ ದಿನ ಮಧ್ಯಾಹ್ನ ಏಸಿ, ಫ್ಯಾನು ಏನೂ ಇಲ್ಲದೆ ಹೊರಗಿಗಿಂತ ಒಳಗೆ ಎಷ್ಟು ಡಿಗ್ರಿ ತಂಪು ಇರುತ್ತದೆ ಅಂತ ಮಾಲಾ ಹೇಳಬೇಕು, ಗ್ಲಾಸಿನವನು ಒಪ್ಪಬೇಕು. ಅಷ್ಟು ತಂಪಾದರೆ ಗ್ಲಾಸು ಇಲ್ಲ. ಆಗದಿದ್ದರೆ ತೂತು ಗೋಡಿಗೆ ಗ್ಲಾಸು, ಹೊಂಗೆಗೆ ಕೊಡಲಿ.

ಹೆಗಲ ಮೇಲಿನ ಟವಲು ಇಬ್ಬರ ನಡುವೆ ಬಂತು.

ಅದರೊಳಗೆ ಅವನ ಕೈ ಕಾಯುತ್ತಿತ್ತು. ಗಾಜು ಹಿಡಿದು ಹಿಡಿದು ಅಲ್ಲಲ್ಲಿ ಕುಯ್ದು ಮಾಗಿದ ಬೆರಳು, ಗುದ್ದಲಿ ಹಿಡಿದದ್ದಕ್ಕೆ ಅಂಗೈಯಲ್ಲಿ ಹೊಸ ಬೊಬ್ಬೆ. ಮಾಲಾ ಅವನ ಐದೂ ಬೆರಳು ಒಟ್ಟಿಗೆ ಹಿಡಿದಳು, ಬಿಟ್ಟು ಮತ್ತೆ ಎರಡು ಹಿಡಿದಳು. ಏಳು. ಅವನು ಅವಳ ಕಣ್ಣನ್ನೇ ನೋಡುತ್ತ ನಿಂತ. ಮುಖದಲ್ಲಿ ವ್ಯಾಪಾರಿಯ ಗಾಂಭೀರ್ಯ, ಆದರೆ ಕೆನ್ನೆಯ ಗುಳಿ ಮತ್ತೆ ಬಿದ್ದಿತ್ತು. ತನ್ನ ಇನ್ನೊಂದು ಬೆರಳನ್ನು ಮೆಲ್ಲಗೆ ಅವಳ ಹಿಡಿಯೊಳಗೆ ತೂರಿಸಿದ. ಎಂಟು. ಧೈರ್ಯ ಇದ್ದರೆ ಹಿಡಿ, ಇಲ್ಲದಿದ್ದರೆ ಬಿಡು ಅನ್ನುವ ಹಾಗೆ.

ಎಂಟು ಆಗುವುದು ಕಷ್ಟ ಅಂತ ಮಾಲಾಗೆ ಗೊತ್ತಿತ್ತು. ಹಿಡಿದಳು. ಹಿಡಿದದ್ದನ್ನು ಬಿಡುವುದಕ್ಕೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಆಯಿತು. ಯಾರದು ತಡ ಅಂತ ಟವಲಿಗೆ ಮಾತ್ರ ಗೊತ್ತು.

* * *

ಆಮೇಲೆ ಗುರುಶಾಂತ ಏನಾದರೊಂದು ನೆಪ ಮಾಡಿಕೊಂಡು ಬರುತ್ತಲೇ ಇದ್ದ. ಹಡಗಲಿಗೆ ಹೊರಟವನು, ಹಗರಿಬೊಮ್ಮನಹಳ್ಳಿಗೆ ಹೊರಟವನು, ಎಲ್ಲಿಗೆ ಹೊರಟರೂ ಅವನ ಗಾಡಿಗೆ ಇದೇ ದಾರಿ. ಕೊಟ್ಟೂರಿನಿಂದ ಹಡಗಲಿಗೆ ಇಲ್ಲಿಂದ ಹಾದು ಹೋಗೋದು ಯಾವ ಭೂಗೋಳ ಅಂತ ಮಾಲಾ ಕೇಳಿದ್ದಳು. ಹೊಂಗೆಗೆ ನೀರು ಹಾಕೋದು ಯಾರು, ನೆಟ್ಟವನೇ ಅಲ್ಲವಾ ಅಂದಿದ್ದ. ನಾನು ಸೋತರೆ ಕಡಿಸುವವರೂ ನೀವೇ ಅಂದಳು. ಅದಕ್ಕೇ ಈಗ ಚೆನ್ನಾಗಿ ನೋಡಿಕೊಳ್ತೀನಿ ಅಂದ.

ಗಾಜಿನ ಬಗ್ಗೆ ಅವನಿಗೆ ಜಂಬ ಇರಲಿಲ್ಲ. ಒಂದು ಸಂಜೆ ಹೊಂಡದ ದಂಡೆಯಲ್ಲಿ ಕೂತು ತನ್ನ ಕಸುಬಿನ ಕಥೆ ಹೇಳಿದ. ತಾನು ಗಾಜು ಹಾಕಿಕೊಟ್ಟ ಬಟ್ಟೆ ಅಂಗಡಿಯವರು ಒಳಗಿನಿಂದ ಹಳೇ ಸೀರೆ ಕಟ್ಟಿದ್ದರು, ಮೊಬೈಲ್ ಅಂಗಡಿಯವರು ಪೇಪರು ಅಂಟಿಸಿದ್ದರು. ಹೊರಗಿನವರು ನೋಡಲಿ ಅಂತ ಹಾಕಿಸಿದ್ದು, ಒಳಗಿನವರು ಬೇಯಬಾರದು ಅಂತ ಮುಚ್ಚಿದ್ದು.

"ಮತ್ತೆ ಯಾಕ ಹಾಕ್ತೀರಿ?"

"ಕೇಳ್ತಾರ, ಹಾಕ್ತೀನಿ. ಬ್ಯಾಡ ಅನ್ನಾಕ ನನಗ ಯಾರೂ ಕಲಿಸಿದ್ದಿಲ್ಲ. ಈಗೀಗ ಕಲಿಯಾಕತ್ತೀನಿ."

ಹಾಗಂದು ಅವಳ ಹಣೆಗೆ ಮೆತ್ತಿದ್ದ ಮಣ್ಣನ್ನು ನೋಡಿದ. ಒರೆಸಲಿಲ್ಲ. ಎಲ್ಲಿದೆ ಅಂತ ತನ್ನ ಹಣೆಯ ಮೇಲೆ ಬೆರಳಿಟ್ಟು ತೋರಿಸಿದ. ಮಾಲಾ ಒರೆಸಿಕೊಂಡಳು, ತಪ್ಪು ಕಡೆ. ಅವನು ಸುಮ್ಮನೆ ತಲೆಯಾಡಿಸಿದ. ಆ ಮಣ್ಣು ಅವಳ ಹಣೆಯ ಮೇಲೆ ಮನೆ ಸೇರುವ ತನಕ ಇತ್ತು. ಕನ್ನಡಿ ನೋಡಿಕೊಂಡಾಗ ತೊಳೆಯುವುದಕ್ಕೆ ಅವಳಿಗೆ ಮನಸ್ಸಾಗಲಿಲ್ಲ.

ಊರಿನ ಕಣ್ಣಿಗೆ ಇದೆಲ್ಲ ಬೀಳದೆ ಇರುತ್ತದೆಯೇ. ಅಲ್ಲಿಯ ತನಕ ಅನ್ನದಾನಮ್ಮ ಸೈಟಿಗೆ ಬಂದಾಗೆಲ್ಲ ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬಂದು ಉಣ್ಣವ್ವ ಅಂತ ಎದುರಿಗೇ ಕೂರುತ್ತಿದ್ದರು. ಗ್ಲಾಸಿನ ಜಗಳ ಬೇರೆ, ರೊಟ್ಟಿ ಬೇರೆ. ಒಂದು ದಿನ ಚಟ್ನಿ ಬಡಿಸುತ್ತ, ನಿಮ್ಮದು ಯಾವ ಪೈಕಿ ಅಂದಂಗಾತವ್ವ ಅಂತ ಮೆಲ್ಲಗೆ ಕೇಳಿದರು. ಮಾಲಾ ಸುತ್ತು ಬಳಸಲಿಲ್ಲ, ಜಾತಿಯ ಹೆಸರು ಹಿಡಿದೇ ಹೇಳಿದಳು. ಅಪ್ಪ ಕೂಡ್ಲಿಗಿಯಲ್ಲಿ ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡಿಯೇ ತನ್ನನ್ನು ಓದಿಸಿದ್ದು ಅನ್ನುವುದನ್ನೂ ಸೇರಿಸಿದಳು. ಅನ್ನದಾನಮ್ಮ ಹೌದಾ ಅಂದರು. ಮರುದಿನದಿಂದ ರೊಟ್ಟಿ ಬರಲಿಲ್ಲ.

ಗುರುಶಾಂತ ಅದನ್ನು ಕೇಳಿ ಅವಳ ಪಕ್ಕ ಬಂದು ಕೂತ. ಆಮೇಲೆ ಹೊಂಗೆಯ ಎಲೆಯೊಂದನ್ನು ಬೆರಳಿನಲ್ಲಿ ಸುತ್ತುತ್ತ, ನೀವಿಲ್ಲದೆ ನನಗೆ ಆಗೋದಿಲ್ಲ ಅಂದ. ಅಷ್ಟಕ್ಕೇ ಅವನು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು.

"ಸದ್ಯಕ್ಕ ಇದು ನಮ್ಮಿಬ್ಬರೊಳಗ ಇರ್ಲಿ. ಅತ್ತಿ ಒಂದೀಟು ತಣ್ಣಗಾಗ್ಲಿ. ಆಮ್ಯಾಲ ಹೇಳೋಣಂತ."

ಮಾಲಾ ಎದ್ದು ನಿಂತಳು.

"ನಿಮ್ಮ ಮಾಮನ ವ್ಯಾಪಾರ ಅಂದ್ಕಂಡ್ರಾ ಇದು? ಟವಲಿನ ಕೆಳಗ ಡಿಗ್ರಿ ಮಾತಾಡ್ತೀನಿ. ನನ್ನ ಬದುಕು ಮಾತಾಡಂಗಿಲ್ಲ. ನಾನು ಬಿಸಿಲಾಗ ನಿಂತು ಕಟ್ಟಡ ಕಟ್ಟಾಕಿ, ಮುಚ್ಚಿಟ್ಕಂಡು ಬದುಕೋದು ನನಗ ಬರಂಗಿಲ್ಲ. ಮಂದಿ ಮುಂದ ಹಿಡಿಯೋದಿದ್ರ ಕೈ ಹಿಡೀರಿ. ಇಲ್ಲಂದ್ರ ಬರಬ್ಯಾಡ್ರಿ."

ಅವನು ಬರಲಿಲ್ಲ. ಆದರೂ ಹೊಂಗೆಯ ಬುಡ ದಿನಾ ಒದ್ದೆಯಾಗಿರುತ್ತಿತ್ತು. ಅವಳು ಬರುವುದಕ್ಕೆ ಮೊದಲೇ ಯಾರೋ ನೀರು ಹಾಕಿ ಹೋಗಿರುತ್ತಿದ್ದರು. ಮಾಲಾ ಅದನ್ನು ನೋಡಿಯೂ ನೋಡದವಳ ಹಾಗೆ ದಾಟಿ ಹೋಗುತ್ತಿದ್ದಳು. ನೀರು ಹಾಕುವುದಕ್ಕೂ ಕತ್ತಲೆ ಬೇಕಾಯಿತಲ್ಲ ಅಂತ ಸಿಟ್ಟು.

* * *

ಓಪನಿಂಗಿನ ದಿನ ನೆಲ ಕಾದ ಹಂಚಾಗಿತ್ತು. ಐದೂ ತಾಲೂಕಿನಿಂದ ಜನ ಬಂದಿದ್ದರು, ಬಿಳಿ ಅಂಗಿಯ ದೊಡ್ಡವರು ಸಾಲುಸಾಲಾಗಿ ಕಾರಿನಿಂದ ಇಳಿದರು. ಹೊಂಗೆಗಳು ಆಳುದ್ದ ಆಗಿದ್ದವು. ಆದರೆ ಬೆಳಿಗ್ಗೆ ಬಂದ ಮಾಲಾಗೆ ಕಂಡದ್ದು ಹೊಂಗೆಯಲ್ಲ. ತೂತು ಗೋಡಿಗೆ ಈ ತುದಿಯಿಂದ ಆ ತುದಿಗೆ ಒಂದು ಫ್ಲೆಕ್ಸ್ ಕಟ್ಟಿದ್ದರು. ಬಂದ ದೊಡ್ಡವರದ್ದೆಲ್ಲ ಮುಖ, ನಡುವೆ ಹಾಲೇಶಪ್ಪ ದಂಪತಿ ಕೈ ಮುಗಿದು ನಿಂತಿದ್ದು, ಹಾಲೇಶಪ್ಪನ ಹೆಗಲ ಮೇಲಿನ ಟವಲೇ ಒಂದು ಬಾಗಿಲಿನಷ್ಟು. ಬಿಚ್ಚಿ ಅಂದರೆ ಕಟ್ಟಿದವರು ಹೆದರಿಕೊಂಡರು. ದೊಡ್ಡವರ ಫೋಟೋ ಮೇಡಂ, ಅವರು ಹೋಗುವ ತನಕ ಮುಟ್ಟುವ ಹಾಗಿಲ್ಲ.

ಮಧ್ಯಾಹ್ನ ಹಾಲೇಶಪ್ಪ ಮಂದಿಯನ್ನೆಲ್ಲ ಒಳಗೆ ಕರೆದರು. ಎರಡು ಥರ್ಮಾಮೀಟರು, ಒಂದು ಹೊರಗೆ ನೆರಳಲ್ಲಿ, ಒಂದು ಒಳಗೆ. ಒಬ್ಬರು ಓದಿ ಹೇಳಿದರು: ಹೊರಗೆ ನಲವತ್ತೊಂದು, ಒಳಗೆ ಮೂವತ್ತನಾಲ್ಕು.

ಏಳು. ಮಾಲಾ ಕಣ್ಣು ಮುಚ್ಚಿ ತೆರೆದಳು.

ಹಾಲೇಶಪ್ಪ ತೊಯ್ದ ಟವಲಿನಿಂದ ಕುತ್ತಿಗೆ ಒರೆಸಿಕೊಂಡು ಅದನ್ನು ಹಿಂಡಿ ಕಿಟಕಿಯ ಸರಳಿಗೆ ಹರವಿದರು. ಗುಂಪಿನ ಹಿಂದೆ ನಿಂತಿದ್ದ ಗುರುಶಾಂತನನ್ನು ಕರೆದು, ಲೇ, ನಿನ್ನ ಕೈಯಾಗ ಎಷ್ಟಿತ್ತು, ಈಗ ಬಾಯಿ ಬಿಡು ಅಂದರು.

ಅವನು ಮಾಲಾಳನ್ನು ನೋಡಿದ. ಎಷ್ಟೋ ದಿನದ ಮೇಲೆ ನೇರ ನೋಡಿದ್ದು.

"ಏಳು, ಮಾಮ."

ಚಪ್ಪಾಳೆ ಶುರುವಾಯಿತು. ಗೆದ್ದಳು ಅಂದರು, ತೂತು ಗೋಡಿ ಉಳಿಯಿತು ಅಂದರು. ಸುಮ್ಮನಿದ್ದರೆ ಎಲ್ಲವೂ ಮುಗಿಯುತ್ತಿತ್ತು: ಗೋಡೆ ಉಳಿಯುತ್ತಿತ್ತು, ಹೊಂಗೆ ಉಳಿಯುತ್ತಿತ್ತು, ಅವಳ ಹೆಸರೂ ಉಳಿಯುತ್ತಿತ್ತು. ಟವಲಿನ ಕೆಳಗಿನದು ಅವರಿಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಅದೇ ಅವಳಿಗೆ ಉರಿದದ್ದು. ಗೆಲುವನ್ನೂ ಮತ್ತೆ ಮುಚ್ಚಿಟ್ಟೇ ಕೊಟ್ಟನಲ್ಲ.

"ಸುಳ್ಳು. ಎಂಟು. ನಾನು ಒಪ್ಪಿ ಹಿಡಿದಿದ್ದು ಎಂಟು. ಯಾರೋ ಗೆಲ್ಲಿಸಿದ್ರು ಅಂತ ಗೆಲ್ಲೋದು ನನಗ ಬ್ಯಾಡ."

ಚಪ್ಪಾಳೆ ಅಲ್ಲಲ್ಲೇ ನಿಂತಿತು. ಅನ್ನದಾನಮ್ಮ ಅಣ್ಣನ ಮಗನ ಕಡೆ ತಿರುಗಿದರು.

"ಯಾಕ ಸುಳ್ಳು ಹೇಳಿದಿ?"

"ಆಕಿ ಗೆಲ್ಲಲಿ ಅಂತ, ಅತ್ತಿ."

"ಆಕಿ ಗೆದ್ರ ನಿನಗೇನು?"

ಗುರುಶಾಂತ ಬಾಯಿ ತೆರೆದ. ಮಾಲಾ ಕಾದಳು. ಮಾತು ಹೊರಡಲಿಲ್ಲ. ಅವಳು ಮುಖ ತಿರುಗಿಸಿ, ಕಂಬದ ಬುಡದಲ್ಲಿಟ್ಟಿದ್ದ ತನ್ನ ಬ್ಯಾಗು ಎತ್ತಿಕೊಂಡಳು.

ಆಗ ಅವನ ದನಿ ಬಂತು, ಆದರೆ ಬೇರೆಯದೇ ಮಾತು. ಆಕೆ ಸೋತಿಲ್ಲ ಅಂದ. ಹನ್ನೆರಡು ವರ್ಷದಿಂದ ಗೋಡೆ ಮುಚ್ಚುವುದೇ ತನ್ನ ಕಸುಬು, ಮುಚ್ಚಿದ ಗೋಡೆ ಹೇಗೆ ಬೇಯಿಸುತ್ತದೆ ಅಂತ ಇಲ್ಲಿ ಇರುವವರಲ್ಲಿ ತನಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ ಅಂದ. ತೂತು ಗೋಡಿಯ ಮೇಲೆ ಈಗ ಗ್ಲಾಸಿನ ಬದಲು ಫ್ಲೆಕ್ಸ್ ಇದೆ, ತೆಗೆದು ಅಳೆಯಿರಿ ಅಂದ. ಯಾರೂ ಅಲುಗಲಿಲ್ಲ. ಆ ಫ್ಲೆಕ್ಸಿನ ಮೇಲೆ ಇದ್ದವರಲ್ಲಿ ಅರ್ಧ ಜನ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು.

ಮಾಲಾ ಬ್ಯಾಗು ಕೆಳಗಿಟ್ಟಳು. ಅವನ ಎದುರು ಹೋಗಿ ಕೈ ಚಾಚಿದಳು. ಬ್ಲೇಡು ಕೊಡ್ರಿ ಅಂದಳು. ಗಾಜಿನ ಕೆಲಸದವನ ಜೇಬಿನಲ್ಲಿ ಅದು ಇದ್ದೇ ಇರುತ್ತದೆ.

ಇಬ್ಬರೂ ಹೊರಗೆ ಬಿಸಿಲಿಗೆ ಹೋದರು. ಅವನು ಏಣಿ ಹಿಡಿದ, ಅವಳು ಹತ್ತಿದಳು. ಒಂದು ಕಡೆಯ ಹಗ್ಗ ಕುಯ್ದಳು, ಇನ್ನೊಂದು ಕಡೆಯದು ಕೈಗೆ ಎಟುಕಲಿಲ್ಲ. ಬ್ಲೇಡು ಫ್ಲೆಕ್ಸಿನ ನಡುವೆಯೇ ಇಳಿಯಿತು, ಸರಿಯಾಗಿ ಹಾಲೇಶಪ್ಪನವರ ಹೆಗಲ ಮೇಲಿನ ಟವಲಿನಲ್ಲಿ. ಚರ್‍ರ್ ಅಂತ ಹರಿದದ್ದು ಒಳಗಿದ್ದವರಿಗೂ ಕೇಳಿಸಿತು. ದೊಡ್ಡವರೆಲ್ಲ ಮಡಿಚಿಕೊಂಡು ಹೊಂಗೆಯ ಬುಡಕ್ಕೆ ಬಿದ್ದರು.

ಮಾಲಾ, ಗುರುಶಾಂತ ಒಳಗೆ ಬರುವುದಕ್ಕೂ ಗಾಳಿ ಬರುವುದಕ್ಕೂ ಸರಿಹೋಯಿತು. ಹೊಂಡದ ಮೇಲಿಂದ ಬಂದದ್ದು ಒದ್ದೆ ಕೊಳವೆಗಳಲ್ಲಿ ನುಸುಳಿ, ಹಸಿ ಮಡಕೆಯ ವಾಸನೆ ಹೊತ್ತು ಕೋಣೆ ಕೋಣೆಗೆ ನಡೆಯಿತು. ಹೆಂಗಸರ ಸೆರಗು ಎದ್ದವು. ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ ದೊಡ್ಡವರೊಬ್ಬರು ಬೀಸುವುದು ನಿಲ್ಲಿಸಿ, ಎಲ್ಲಿಂದ ಬರ್ತೈತಿ ಇದು ಅಂತ ಕತ್ತು ತಿರುಗಿಸಿದರು. ಕಿಟಕಿಯ ಸರಳಿನಲ್ಲಿ ಹಾಲೇಶಪ್ಪನ ಟವಲು ಒಳಮುಖವಾಗಿ ಹಾರಾಡುತ್ತ ಹಾರಾಡುತ್ತ ಹಗುರಾಯಿತು. ಜನ ಗಾಳಿಗೆ ಮುಖ ಕೊಟ್ಟು ಬಹಳ ಹೊತ್ತು ಕೂತರು. ಆಮೇಲೆ ಯಾರಿಗೋ ನೆನಪಾಗಿ ಥರ್ಮಾಮೀಟರು ಓದಿದರು. ಓದಿದವರು ಎಂಟೂ ದಾಟೈತಿ ಅಂತ ನಕ್ಕರು. ಅನ್ನದಾನಮ್ಮ ಕೇಳಿಸದವರ ಹಾಗೆ ಬಳೆ ಸರಿಮಾಡಿಕೊಂಡರು.

ಹಾಲೇಶಪ್ಪನವರಿಗೆ ವ್ಯಾಪಾರದ ಹುರುಪು ಬಂದಿತ್ತು. ಗ್ಲಾಸು ಹೋಯಿತು ಅಂತ ಹುಡುಗ ಬರಿಗೈಲಿ ಹೋಗಬಾರದು, ಮೇವಿನ ಗೋಡೌನಿಗೂ ಇಂಥದ್ದೇ ತೂತು ಗೋಡಿ ಕಟ್ಟೋಣ, ಇಬ್ಬರೂ ಸೇರಿ ಮಾಡಿ, ಬರ್ರಿ, ಕೈ ಕೊಡ್ರಿ ಅಂತ ಸರಳಿನಿಂದ ಟವಲು ತೆಗೆದು ಇಬ್ಬರ ನಡುವೆ ಚಾಚಿದರು.

ಗುರುಶಾಂತ ಕೈ ಚಾಚಿದ, ಆದರೆ ಟವಲಿನ ಮೇಲೆ. ಎಲ್ಲರಿಗೂ ಕಾಣುವಷ್ಟು ಎತ್ತರದಲ್ಲಿ, ಅಂಗೈ ಮೇಲೆ ಮಾಡಿ.

"ಟವಲು ಬ್ಯಾಡ ಮಾಮ, ತೆಗೀರಿ. ಅತ್ತಿ, ಆಗ ಕೇಳಿದ್ಯಲ್ಲ, ಆಕಿ ಗೆದ್ರ ನಿನಗೇನು ಅಂತ. ನನ್ನ ಜೀವ ಆಕಿಮ್ಯಾಲ ಐತಿ. ಆಕಿ ಒಪ್ಪಿದ್ರ ಮದುವಿ ಆಗ್ತೀನಿ. ನೀನು ರೊಟ್ಟಿ ಕಳಿಸಿದ್ರೂ ಅಷ್ಟ, ಬಿಟ್ರೂ ಅಷ್ಟ."

ಚಾಚಿದ ಕೈ ಚಾಚಿದ ಹಾಗೇ ಇತ್ತು. ಬೊಬ್ಬೆ ಮಾಗಿ ಅಂಗೈ ಗಟ್ಟಿಯಾಗಿತ್ತು. ಇಷ್ಟು ದಿನ ಕತ್ತಲಲ್ಲಿ ಕೊಡ ಹೊತ್ತು ಹೊತ್ತು ಆದದ್ದು ಅಂತ ಮಾಲಾಗೆ ಆಗ ತಿಳಿಯಿತು.

ಅವಳು ಸುತ್ತ ನೋಡಿದಳು. ಎಲ್ಲರೂ ನೋಡುತ್ತಿದ್ದರು. ನೋಡಲಿ. ಮೊದಲು ಅವನ ಕಿರುಬೆರಳು ಹಿಡಿದಳು, ಆಮೇಲೆ ಅದರ ಪಕ್ಕದ್ದು, ಹಾಗೇ ಒಂದೊಂದಾಗಿ ಐದನ್ನೂ ತನ್ನ ಹಿಡಿಯೊಳಗೆ ತಂದುಕೊಂಡಳು.

"ಇದು ಎಷ್ಟಾತು?"

"ಪೂರ್ತಿ."

ಅನ್ನದಾನಮ್ಮ ಗಂಡನ ಕಡೆ ತಿರುಗಿದರು. "ಏನ್ರಿ, ನೋಡ್ಕಂತ ನಿಂತ್ರಲ್ಲ. ಏನಾರ ಅನ್ರಿ."

ಹಾಲೇಶಪ್ಪ ಚಾಚಿದ ಟವಲನ್ನು ಹಿಂದಕ್ಕೆ ಎಳೆದುಕೊಂಡು ಕುತ್ತಿಗೆ ಒರೆಸಿಕೊಂಡರು, ಕಿವಿಯ ಹಿಂದೆಯೂ ಒರೆಸಿಕೊಂಡರು. ಆಮೇಲೆ ಟವಲನ್ನು ಕಣ್ಣ ಮುಂದೆ ಹಿಡಿದರು. ಇನ್ನೊಂದು ಮಗ್ಗುಲು ತಿರುಗಿಸಿ ನೋಡಿದರು. ಒಣಗಿತ್ತು.